ಕಮ್ಮೇಸಿಯ ಕಂಪ್ಯೂಟರ್

ಸಿಂದಗಿಯ ಬಾಬುಲಾಲನ ಗುಜರಿ ಅಂಗಡಿಯಲ್ಲಿ, ಒಡೆದ ಕೂಲರಿನ ತಗಡು ಮತ್ತು ಸೈಕಲ್ ಗಾಲಿಗಳ ನಡುವೆ, ಅದು ಬೋರಲು ಬಿದ್ದಿತ್ತು. ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಮ್ಮ ಹೈಸ್ಕೂಲಿನ ಹೆಸರು ಅರ್ಧ ಅಳಿಸಿತ್ತು. ಪೂರ್ತಿ ಅಳಿಸಿದ್ದರೂ ನಾನು ಗುರುತು ಹಿಡಿಯುತ್ತಿದ್ದೆ. ನನ್ನ ಓದನ್ನು ನುಂಗಿದ ಪೆಟ್ಟಿಗೆಯನ್ನು ನಾನು ಮರೆಯುವುದುಂಟೆ?

ನಾನು ಬಂದದ್ದು ಹಳೆಯ ಟಿವಿಯ ಟ್ರಾನ್ಸ್‌ಫಾರ್ಮರ್ ಹುಡುಕಿಕೊಂಡು. ಅದನ್ನು ಅಲ್ಲೇ ಬಿಟ್ಟೆ.

"ಮಾಮಾ, ಇದು ಎಲ್ಲಿಂದ ಬಂತು?"

"ಬಾಗೇವಾಡಿ ಕಡೆ ಒಂದು ಸಾಲ್ಯಾಗ ಖೋಲಿ ಖಾಲಿ ಮಾಡಿದ್ರು. ಟೈಪ್ ಹೊಡಿಯೂದು ಅಂತ ತಂದೆ. ನೋಡಿದ್ರ ಕಾಗದ ಹಾಕೂ ಜಾಗಾನಽ ಇಲ್ಲ."

"ಇದು ಟೈಪ್ ಹೊಡಿಯೂದಲ್ಲ. ಕಂಪ್ಯೂಟರ್."

ಬಾಬುಲಾಲ ಬೀಡಿಯನ್ನು ಬಾಯಿಂದ ತೆಗೆದ. "ಕಂಪ್ಯೂಟರಾ? ಹಂಗಾದ್ರ ರೇಟ್ ಬ್ಯಾರೆ, ತಮ್ಮಾ."

"ಕೆಟ್ಟೈತಿ."

"ಯಾರು ಕೆಡಿಸಿದ್ರು?"

"ಅದನ್ನಽ ನೋಡಬೇಕಾಗೇತಿ," ಎಂದೆ.

ರೊಕ್ಕದ ಬದಲು ಅವನ ಹಾಡದ ಟೇಪ್‌ರೆಕಾರ್ಡರನ್ನು ಅಲ್ಲೇ ಕೂತು ಹಾಡುವಂತೆ ಮಾಡಿಕೊಟ್ಟೆ. ಪೆಟ್ಟಿಗೆಯನ್ನು ಜೋಳದ ಚೀಲದಲ್ಲಿ ಸುತ್ತಿಕೊಂಡು ಇಂಡಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡಿದ್ದರೂ ಒಮ್ಮೆಯೂ ಪ್ರೀತಿಯಿಂದ ಹಿಡಿದುಕೊಳ್ಳಲಿಲ್ಲ. ಪೊಲೀಸರು ಕಳ್ಳನನ್ನು ಹಿಡಿದು ತರುವ ಹಾಗೆ ಹಿಡಿದುಕೊಂಡಿದ್ದೆ. ಇಬ್ಬರಲ್ಲಿ ಕಳ್ಳ ಯಾರೆಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ.

ನಾನು ಎಂಟನೇತ್ತೆ ಓದುತ್ತಿದ್ದಾಗ ಅದು ನಮ್ಮ ಊರಿನ ಹೈಸ್ಕೂಲಿಗೆ ಬಂದಿತ್ತು. ಈಗಿನ ಕಂಪ್ಯೂಟರುಗಳ ಹಾಗಲ್ಲ. ಕೀಲಿಮಣೆ, ಮಿದುಳು ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಪರದೆಗೆ ಮನೆಯ ಟಿವಿಯನ್ನೇ ಜೋಡಿಸಬೇಕು. ಬೇರೆ ದೇಶಗಳಲ್ಲಿ ಮನೆಮನೆಗಳಲ್ಲಿ ಹುಡುಗರು ಇಟ್ಟುಕೊಂಡು ಆಡಿ, ಹಳೆಯದಾದ ಮೇಲೆ ಅಟ್ಟಕ್ಕೆ ಎಸೆದದ್ದಂತೆ. ನಮ್ಮಲ್ಲಿ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ, ಖೋಲಿಗೆ ಬೀಗ ಹಾಕಿ, ಕಿಟಕಿಯಿಂದ ದರ್ಶನ ಕೊಡುತ್ತಿದ್ದರು.

ಸರಸ್ವತಿ ಪೂಜೆಯ ದಿನ ಊರಿನ ಹಿರಿಯರ ಮುಂದೆ ಅದನ್ನು ಚಾಲೂ ಮಾಡಿ ತೋರಿಸುವುದೆಂದಾಯಿತು. ಒಬ್ಬ ಹುಡುಗ ಕೂತು ತನ್ನ ಹೆಸರು ಒತ್ತಬೇಕು. ಲೆಕ್ಕದಲ್ಲಿ ನಾನೇ ಮುಂದಿದ್ದೆ. ವಿಜ್ಞಾನ ಕಲಿಸುವ ಸಂಜೀವಕುಮಾರ ಸರ್ ನನ್ನನ್ನು ಆರಿಸಿದರು. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಅವ್ವ, ರುಕ್ಮವ್ವ, ಹೊಲದ ಕೂಲಿ ಬಿಟ್ಟು, ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮುಂಜಾನೆಯಿಂದ ಪೆಟ್ಟಿಗೆ ಚಾಲೂ ಇತ್ತು. ಹೆಣ್ಣುಮಕ್ಕಳೆಲ್ಲ ಬಂದು ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಕೈಮುಗಿದರು. ಕೀಲಿಗಳಷ್ಟೇ ಕಾಣುತ್ತಿದ್ದವು, ಉಳಿದದ್ದೆಲ್ಲ ಹೂವು.

ನಾನು ಕೂತಾಗ ಟಿವಿಯ ಚಿತ್ರ ಹೊಯ್ದಾಡುತ್ತಿತ್ತು. ಗೌಡರ ಮನೆಯಲ್ಲಿ ಹೀಗಾದಾಗ ಅವರ ಮಗ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದೆ: ಟಿವಿಯಿಂದ ಬಂದ ವಾಯರನ್ನು ಪೆಟ್ಟಿಗೆಯಿಂದ ಎಳೆದು ಮತ್ತೆ ಚುಚ್ಚಿದೆ. ಚಿತ್ರ ನೆಟ್ಟಗೆ ನಿಂತಿತು. ಕಲ್ಮೇಶ ಎಂಬ ನನ್ನ ಹೆಸರು ಒತ್ತತೊಡಗಿದೆ. ಕೆ ಒತ್ತಿದೆ, ಕೆ ಬಂತು. ಎ ಒತ್ತಿದೆ, ಎ ಬಂತು. ಎಲ್ ಒತ್ತಿದರೆ ಎಮ್ ಬಂತು. ಆದರೂ ನಿಲ್ಲಿಸಲಿಲ್ಲ. ಎಮ್, ಇ, ಎಸ್ ಸರಿಯಾಗಿಯೇ ಬಂದವು. ಕೊನೆಯ ಎಚ್ ಒತ್ತಿದರೆ ಐ ಬಂತು. ಅಷ್ಟರಲ್ಲಿ ಪರದೆಯ ಮೇಲೆ ಖಾಲಿ ಇದ್ದ ಜಾಗದಲ್ಲೆಲ್ಲ ಉದ್ಗಾರ ಚಿಹ್ನೆಗಳು ಎದ್ದು ನಿಂತವು. ಸಾಲು ಸಾಲು. ಪರದೆಯೇ ನನ್ನ ಮೇಲೆ ಚೀರಿದ ಹಾಗೆ.

"ವಾಯರ್ ಯಾಕ ಎಳದಿ, ಮಂಗ್ಯಾನ ಮಗನ!" ಸಂಜೀವಕುಮಾರ ಸರ್ ಕಪಾಳಕ್ಕೆ ಹೊಡೆದರು. ಊರಿನ ಮುಂದೆ. ಇಳಕಲ್ ಸೀರೆ ಉಟ್ಟ ನನ್ನ ಅವ್ವನ ಮುಂದೆ.

ಪರದೆಯ ಮೇಲಿದ್ದ ಹೆಸರನ್ನು ಹುಡುಗರು ಓದಿಬಿಟ್ಟಿದ್ದರು. ಕಮ್ಮೇಸಿ. ಮರುದಿನ ಹಾಜರಿ ಕರೆಯುವಾಗ ಹಿಂದಿನ ಸಾಲಿನಿಂದ ಯಾರೋ "ಕಮ್ಮೇಸಿ, ಎಸ್ ಸಾರ್" ಎಂದರು. ಸರ್ ನಕ್ಕರು. ನಾನು ಪಾಟೀಚೀಲ ಎತ್ತಿಕೊಂಡು ಹೊರಬಿದ್ದವನು ಮತ್ತೆ ಆ ಬಾಗಿಲು ತುಳಿಯಲಿಲ್ಲ. ನನ್ನನ್ನು ಯಾರೂ ಸಾಲಿ ಬಿಡಿಸಲಿಲ್ಲ. ನಾನೇ ಬಿಟ್ಟೆ. ಸಿಟ್ಟಿಗೆ ಬಿಟ್ಟೆ.

ಹೊಡೆತ ಮರೆಯಬಹುದಿತ್ತು. ಅವ್ವನ ಕ್ಷಮೆ ಮಾತ್ರ ಮರೆಯಲಾಗಲಿಲ್ಲ. "ಹೋಗ್ಲಿ ಬಿಡೋ ಯಪ್ಪಾ, ಹುಡುಗರ ಕೈ. ಕೆಟ್ಟಿರತೈತಿ," ಎನ್ನುತ್ತಿದ್ದಳು. "ನಾ ಕೆಡಿಸಿಲ್ಲ!" ಎಂದು ನಾನು ಕೂಗಿದರೆ, "ಹೂಂ, ಇಲ್ಲ, ಉಣ್ಣ ಬಾ," ಎನ್ನುತ್ತಿದ್ದಳು. ಕೆಡಿಸಿದವನಿಗೆ ಹೇಳುವ ದನಿಯಲ್ಲಿ. ಆ ದನಿಗೆ ಹೆದರಿಯೇ ನಾನು ಊರು ಬಿಟ್ಟು ಇಂಡಿಗೆ ಹೋಗಿ, ನಿಜಾಮುದ್ದೀನ ಚಾಚಾನ ಟಿವಿ ರಿಪೇರಿ ಅಂಗಡಿ ಸೇರಿದ್ದು. ಕೆಡಿಸಿದವನೆಂದು ಹೆಸರಾದವನು ರಿಪೇರಿಗೆ ಕೂತ ಎಂದು ನಮ್ಮೂರವರು ಇನ್ನಷ್ಟು ನಕ್ಕರು. ಅವರ ಟಿವಿ ಕೆಟ್ಟರೆ ವಿಜಾಪುರಕ್ಕೆ ಒಯ್ಯುತ್ತಿದ್ದರೇ ಹೊರತು ನನ್ನ ಹತ್ತಿರ ತರುತ್ತಿರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೆಲಸ ಕಲಿತಷ್ಟೂ ನನಗೇ ಅನುಮಾನ ಬರತೊಡಗಿತು. ಆಗಿನ ಕೆಲವು ಟಿವಿಗಳ ಮೈಯಲ್ಲೇ ಕರೆಂಟು ಇರುತ್ತದೆ. ಚಾಲೂ ಇರುವಾಗ ವಾಯರ್ ಎಳೆದು ಚುಚ್ಚಿದರೆ ಆಚೆ ಕಡೆಯ ಐಸಿ ಎಂಬ ಚಿಪ್ಪು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಾಯುತ್ತದೆ. ಚಾಚಾ ಇದನ್ನು ಸಹಜವಾಗಿ, ಚಹಾ ಹೀರುತ್ತ ಹೇಳಿದ. ಅವತ್ತು ನನಗೆ ರೊಟ್ಟಿ ಇಳಿಯಲಿಲ್ಲ. "ನಾ ಕೆಡಿಸಿಲ್ಲ" ಎಂದು ಕೂಗುವುದನ್ನು ನಾನು ಬಿಡಲಿಲ್ಲ. ಆದರೆ ಕೂಗುವಾಗಲೆಲ್ಲ ಒಳಗೊಬ್ಬ ಕೇಳುತ್ತಿದ್ದ: ಹೌದೇನೋ?

ಈಗ ಆ ಪೆಟ್ಟಿಗೆ ಚಾಚಾನ ಮೇಜಿನ ಮೇಲಿತ್ತು.

"ಏನೋ ಇದು? ಹೆಣಾ ತಂದಂಗ ತಂದಿ," ಎಂದ ಚಾಚಾ.

ಹೇಳಿದೆ. ಅವನಿಗೆ ಕಥೆ ಮೊದಲೇ ಗೊತ್ತಿತ್ತು. ಪೆಟ್ಟಿಗೆಯನ್ನು ನೋಡಿದ್ದು ಇದೇ ಮೊದಲು. ಮೂಗು ಹತ್ತಿರ ಒಯ್ದು ಮೂಸಿದ. "ಸುಟ್ಟ ವಾಸನಿ ಇಲ್ಲ. ಕರೆಂಟ್ ಕೊಡು."

ವೋಲ್ಟೇಜು ಸರಿ ಇತ್ತು. ಅಂಗಡಿಯ ಟಿವಿಗೆ ಜೋಡಿಸಿ ಸ್ವಿಚ್ಚು ಹಾಕಿದೆ. ಅವವೇ ಉದ್ಗಾರ ಚಿಹ್ನೆಗಳು ಎದ್ದವು. ಇಷ್ಟು ವರ್ಷ ಕತ್ತಲ ಖೋಲಿಯಲ್ಲಿ ಕೂತು ಅದು ನನ್ನ ಮೇಲೆ ಚೀರುವುದನ್ನು ನಿಲ್ಲಿಸಿರಲೇ ಇಲ್ಲ.

"ನಾನೂ ನಿನಗ ಚೀರತೇನಿ ತಡಿ," ಎಂದು ಮೇಜು ಗುದ್ದಿದೆ.

"ಮೇಜು ನಂದು," ಎಂದ ಚಾಚಾ. "ಕೀಲಿ ಒತ್ತು."

ಒತ್ತಿದೆ. ಎ ಒತ್ತಿದರೆ ಎ. ಬಿ ಒತ್ತಿದರೆ ಸಿ. ಸಿ ಒತ್ತಿದರೂ ಸಿ. ಡಿ ಒತ್ತಿದರೆ ಇ. ಅಂದರೆ ಕೆಟ್ಟದ್ದು ಎಲ್ಲವೂ ಅಲ್ಲ. ಯಾವುದೋ ಒಂದೇ ಕಡೆ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿತ್ತು. ಸೊಲ್ಲಾಪುರದ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ಪುಸ್ತಕದಲ್ಲಿ ಇಂಥ ಪೆಟ್ಟಿಗೆಗಳ ಹೊಟ್ಟೆಯ ನಕ್ಷೆ ನೋಡಿದ್ದೆ. ಪರದೆಯ ಮೇಲಿನ ಅಕ್ಷರಗಳನ್ನು ನೆನಪಿಟ್ಟುಕೊಳ್ಳಲು ಒಳಗೆ ಐಸಿಗಳದೇ ಒಂದು ಸಾಲು ಇರುತ್ತದೆ. ಯಾವ ಐಸಿಯೂ ಪೂರ್ತಿ ಅಕ್ಷರ ಹೊರುವುದಿಲ್ಲ. ತೆನೆ ತುಳಿಯಲು ಹಂತಿಗೆ ಕಟ್ಟಿದ ಎತ್ತುಗಳ ಹಾಗೆ ಎಲ್ಲವೂ ಕೂಡಿ ಹೊರುತ್ತವೆ. ಒಂದು ಎತ್ತು ಕುಂಟಿದರೆ ಎಲ್ ಹೋಗಿ ಎಮ್ ಆಗುತ್ತದೆ, ಖಾಲಿ ಜಾಗ ಹೋಗಿ ಉದ್ಗಾರ ಚಿಹ್ನೆ ಆಗುತ್ತದೆ.

ಮುಚ್ಚಳ ಬಿಚ್ಚಿದೆ. ಸಾಲು ಕಂಡಿತು. ಐಸಿಗಳನ್ನು ಸೋಲ್ಡರ್ ಮಾಡಿರಲಿಲ್ಲ. ಒಂದೊಂದನ್ನೂ ಅದರದರ ಬೇಸಿನಲ್ಲಿ, ಅಂದರೆ ಕಾಲು ಊರುವ ಚೌಕಟ್ಟಿನಲ್ಲಿ, ಕೂರಿಸಿದ್ದರು. ಕುಂಟುವ ಎತ್ತು ತುದಿಯದು ಎಂಬುದು ನಕ್ಷೆಯಿಂದ ತಿಳಿಯಿತು.

ಅಲ್ಲಿಗೆ ನನ್ನ ಕೈ ನಿಂತಿತು.

"ತಗೀ," ಎಂದ ಚಾಚಾ.

"ನೀನಽ ತಗೀ."

"ಯಾಕ?"

"ಐಸಿ ಸತ್ತಿದ್ರ ನಾ ಕೊಂದದ್ದು, ಚಾಚಾ. ವಾಯರ್ ಎಳದದ್ದು ಖರೇ. ಸತ್ತಿರದಿದ್ರ..."

"ಸತ್ತಿದ್ರ ಏನು? ಎಂಟನೇತ್ತೆ ಹುಡುಗಗ ಫಾಶೀ ಕೊಡ್ತಾರೇನು? ಹುಡುಗರ ಕೈ..."

"ನಮ್ಮವ್ವನೂ ಹಿಂಗಽ ಅಂತಾಳ! ನೀನೂ ಅನಬ್ಯಾಡ!"

ಚಾಚಾ ಕನ್ನಡಕ ಮೇಲಕ್ಕೆ ಏರಿಸಿ ನನ್ನನ್ನು ನೋಡಿದ. ಆಮೇಲೆ ದನಿ ಇಳಿಸಿದ. "ಕೇಳಿಲ್ಲಿ. ಒಂದು ಮನ್ಯಾಗ ದಿನಾ ಜಗಳ ಐತಿ. ಜಗಳ ಸೊಸೀದೋ, ಮನೀದೋ? ಗೊತ್ತಾಗಬೇಕಂದ್ರ ಆ ಸೊಸೀನ ಬಾಜೂ ಮನ್ಯಾಗ ಇಡಬೇಕು, ಅಲ್ಲಿಯಾಕೀನ ಇಲ್ಲಿ ತರಬೇಕು. ಜಗಳ ಸೊಸಿ ಹಿಂದ ಹೋದ್ರ ತಪ್ಪು ಸೊಸೀದು. ಜಗಳ ಅಲ್ಲೇ ಉಳದ್ರ ತಪ್ಪು ಮನೀದು. ಅದಲಿ ಬದಲಿ ಮಾಡಿ ನೋಡು."

ತುದಿಯ ಐಸಿಯನ್ನು ಕಿತ್ತು ಪಕ್ಕದ ಬೇಸಿಗೆ ಇಟ್ಟೆ, ಪಕ್ಕದ್ದನ್ನು ತುದಿಗೆ. ಈಗ ಲೆಕ್ಕ ಸರಳವಾಗಿತ್ತು. ಐಸಿ ಸತ್ತಿದ್ದರೆ ತಪ್ಪು ಅದರ ಜೊತೆ ಪಕ್ಕಕ್ಕೆ ಸರಿಯುತ್ತದೆ. ಖಾಲಿ ಜಾಗಗಳಲ್ಲಿ ಉದ್ಗಾರ ಚಿಹ್ನೆಯ ಬದಲು ಜೋಡಿ ಗೀಟುಗಳು, ಮಾತಿಗೆ ಹಾಕುವ ಉದ್ಧರಣ ಚಿಹ್ನೆಗಳು, ತುಂಬಬೇಕು. ಬೇಸು ಕೆಟ್ಟಿದ್ದರೆ ಅದೇ ಉದ್ಗಾರ ಚಿಹ್ನೆಗಳು. ಜೋಡಿ ಗೀಟು ಬಂದರೆ ನಾನು ಕೆಡಿಸಿದ್ದು.

ಸ್ವಿಚ್ಚಿಗೆ ಕೈ ಹಾಕಿದೆ. ಕರೆಂಟು ಹೋಯಿತು.

ಕೆ.ಇ.ಬಿ.ಯವರ ಏಳು ತಲೆಮಾರನ್ನೂ ಬೈದೆ. ಪಕ್ಕದ ಪಾನಪಟ್ಟಿಯವನು ಇಣುಕಿ ನೋಡಿ, "ಯಾರಿಗೆ ಕೂಸು ಹುಟ್ಟಿತ್ರಿ ಚಾಚಾ, ಇಷ್ಟು ಒದರಾಟ?" ಎಂದ. "ಇನ್ನೂ ಹುಟ್ಟಿಲ್ಲ, ಬ್ಯಾನಿ ತಿನ್ನಾಕತ್ತೈತಿ," ಎಂದ ಚಾಚಾ. ಚಹಾ ತರಿಸಿದ. ನಾನು ಕುಡಿಯಲಿಲ್ಲ. ಎರಡನೆಯ ಸಲ ತರಿಸಿದ. ಅದನ್ನೂ ಅವನೇ ಕುಡಿದ. ಬಿಸಿಲು ಅಂಗಡಿಯ ಮೆಟ್ಟಿಲು ಬಿಟ್ಟು ರಸ್ತೆಗೆ ಇಳಿಯುವವರೆಗೂ ನಾನು ಆ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದೆ.

ಫ್ಯಾನು ತಿರುಗಿತು. ಟಿವಿ ಗುಂಯ್ ಎಂದಿತು. ಪರದೆ ನಿಧಾನಕ್ಕೆ ಬೆಳಗಿತು.

ಉದ್ಗಾರ ಚಿಹ್ನೆಗಳು. ತುದಿಯಿಂದ ತುದಿಗೆ.

ನಾನು ಎದ್ದು ನಿಂತೆ. ಅಂದು ನನ್ನನ್ನು ಕಳ್ಳನೆಂದು ಕೂಗಿದ ಅವೇ ಚಿಹ್ನೆಗಳು ಈಗ ಸಾಲಾಗಿ ನಿಂತು ನನ್ನ ಪರ ಸಾಕ್ಷಿ ಹೇಳುತ್ತಿದ್ದವು.

"ಸೊಸಿ ಛಲೋ ಅದಾಳ," ಎಂದ ಚಾಚಾ. "ಮನೀ ತೋರ್ಸು."

ಐಸಿ ಕಿತ್ತು ಬ್ಯಾಟರಿ ಬೆಳಕು ಬಿಟ್ಟೆ. ಬೇಸಿನ ಒಂದು ಮೂಲೆ ಹಸಿರು ಹಿಟ್ಟು ಹಿಡಿದು ತಿಂದುಹೋಗಿತ್ತು. ಕಾಲುಗಳ ಎರಡು ಸಾಲಿನ ನಡುವಿನ ಸಂದಿಯಲ್ಲಿ ಏನೋ ಒಂದು ಅಂಟಿಕೊಂಡಿತ್ತು. ಸೂಜಿಯಿಂದ ಎಬ್ಬಿಸಿದೆ. ಜಿರಳೆ ಮೊಟ್ಟೆ ಎಂದುಕೊಂಡೆ. ಚಾಚಾ ಅಂಗೈ ಮೇಲೆ ಹಾಕಿಕೊಂಡು ಒಮ್ಮೆ ನೋಡಿದ.

"ನಿಂಬಿ ಬೀಜ."

"ಕಂಪ್ಯೂಟರಿನ್ಯಾಗ?"

"ಲೇ, ನಿಂಬಿ ಬೆಳಿಯೂ ಇಂಡಿಯೊಳಗ ಹುಟ್ಟೇನಿ. ನಿಂಬಿ ಬೀಜ ನನಗ ಹೇಳಿಕೊಡತೀಯೇನು? ಯಾರೋ ಮ್ಯಾಲ ಹಣ್ಣು ಹಿಂಡ್ಯಾರ. ಗಾಳಿ ಆಡೂ ಸಂದಿಯಿಂದ ಹುಳಿ ಒಳಗ ಇಳದೈತಿ. ಹುಳಿ ಬಿದ್ದ ಹಿತ್ತಾಳಿ ಏನಾಕೈತಿ? ಇದಽ ಆಕೈತಿ."

ಬೇಸನ್ನು ಸ್ಪಿರಿಟ್ ಹಾಕಿ ಹಲ್ಲಿನ ಬ್ರಷ್ಷಿನಿಂದ ತಿಕ್ಕಿದೆ, ಸೂಜಿಯಿಂದ ಕೆರೆದೆ, ಐಸಿಗಳನ್ನು ಅವವುಗಳ ಮನೆಗೆ ವಾಪಸ್ ಕೂರಿಸಿದೆ. ಸ್ವಿಚ್ಚು ಹಾಕಿದರೆ ಪರದೆ ಶಾಂತವಾಗಿ, ಮೂಲೆಯಲ್ಲಿ ಒಂದು ಸಣ್ಣ ಮಾತು ಬರೆದು, ನಾನೇನಾದರೂ ಹೇಳಲಿ ಎಂದು ಕಾದು ಕೂತಿತು. ಎಲ್ ಒತ್ತಿದೆ. ಎಲ್ ಬಂತು.

ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು. ಅವತ್ತು ಎರಡು ಊಟ ಮಾಡಿದೆ.

ನೆಮ್ಮದಿ ಬಂದ ಹಿಂದೆಯೇ ಸಿಟ್ಟೂ ಬಂತು. ನಾನಲ್ಲದಿದ್ದರೆ ಯಾರು? ಬೀಜವನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡು, ಪೆಟ್ಟಿಗೆಯನ್ನು ಮತ್ತೆ ಚೀಲದಲ್ಲಿ ಸುತ್ತಿಕೊಂಡು ಬಾಗೇವಾಡಿ ಬಸ್ಸು ಹತ್ತಿದೆ. ಸಂಜೀವಕುಮಾರ ಸರ್ ಈಗ ಮುದ್ದೇಬಿಹಾಳದಲ್ಲಿದ್ದಾರೆಂದು ಗೊತ್ತಿತ್ತು. ಒಂದು ರಾತ್ರಿ ಊರಲ್ಲಿ ಮಲಗಿ, ಬೆಳಗ್ಗೆ ಅಲ್ಲಿಗೆ ಹೋಗಿ, ಅವರ ವರ್ಗದ ಹುಡುಗರ ಮುಂದೆಯೇ ಬೀಜ ಇಟ್ಟು ಕೇಳಬೇಕು: ಹೇಳ್ರಿ ಸರ್, ಇದು ಯಾರ ಕೆಲಸ? ದಾರಿಯುದ್ದಕ್ಕೂ ಆ ಮಾತನ್ನು ಮಸೆಯುತ್ತ ಹೋದೆ.

ಅವ್ವ ಸಂಜೆಯ ರೊಟ್ಟಿ ಬಡಿಯುತ್ತಿದ್ದಳು. ಚೀಲದಿಂದ ಹೊರಬಂದದ್ದನ್ನು ಕಂಡು ಅವಳ ಕೈ ನಿಂತಿತು.

"ಯಪ್ಪಾ, ಮತ್ತ ಅದನ್ನ ಮುಟ್ಟಿದ್ಯಾ? ಒಮ್ಮೆ ಕೆಡಿಸಿದ್ದು ಸಾಲದೇನು?"

"ಸುಮ್ಮ ಕುಂಡ್ರು. ನೋಡು."

ನಮ್ಮ ಟಿವಿಗೆ ಜೋಡಿಸಿ ಹೆಸರು ಒತ್ತಿದೆ. ಅವ್ವನಿಗೆ ಇಂಗ್ಲಿಷು ಓದಲು ಬಾರದು, ಕನ್ನಡವೂ ಓದಲು ಬಾರದು. ಹಿಟ್ಟಿನ ಕೈ ಮೇಲಕ್ಕೆ ಹಿಡಿದುಕೊಂಡೇ ಹತ್ತಿರ ಬಂದಳು.

"ನಿನ್ನ ಹೆಸರೇನು?"

"ಹೌದು."

"ಪೂರಾ ಐತಿ? ಕಲ್ಮೇಶ?"

"ಪೂರಾ ಐತಿ." ಕಡ್ಡಿಪೆಟ್ಟಿಗೆ ತೆರೆದೆ. "ಇದನ್ನ ನೋಡು. ನಿಂಬಿ ಬೀಜ. ಇದರ ಹೊಟ್ಯಾಗಿತ್ತು. ಆ ಪೂಜಿ ದಿನ ಯಾವನೋ ಇದರ ಮ್ಯಾಲ ನಿಂಬಿಹಣ್ಣು ಹಿಂಡ್ಯಾನ. ಹುಳಿ ಒಳಗ ಇಳದು ಕೆಟ್ಟೈತಿ. ನಾ ಕೆಡಿಸಿಲ್ಲ. ಹಿಂಡಿದಂವ ಯಾರಂತ ಗೊತ್ತಾಗ್ಲಿ ಒಮ್ಮೆ, ಅಂವನ ಎರಡೂ ಕೈ ಮುರೀತೇನಿ."

ಅವ್ವ ಬೀಜವನ್ನೇ ನೋಡುತ್ತ ನಿಂತಳು. ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಅವಳು ತಿರುಗಲಿಲ್ಲ. ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು.

"ಇಗೋ. ಮುರಿ."

"ಏನು?"

"ನಾನಽ ಹಿಂಡಿದ್ದು," ಎಂದಳು. "ಅವತ್ತ ಊರಿಗೆ ಊರಽ ನಿನ್ನ ಮಾರಿ ನೋಡಾಕತ್ತಿತ್ತು. ಗೌಡರ ಹೆಂಡತಿ ಅಂತೂ ರೆಪ್ಪಿ ಬಡಿಲಿಲ್ಲ. ತಂದಿ ಇಲ್ಲದ ಹುಡುಗ, ಇಷ್ಟು ದೊಡ್ಡ ಕುರ್ಚಿ ಮ್ಯಾಲ ಕುಂತಾನ, ದೃಷ್ಟಿ ಬಡಿಯಂಗಿಲ್ಲೇನು? ಸೆರಗಿನ್ಯಾಗ ನಿಂಬಿಹಣ್ಣು ಕಟ್ಟಿಕೊಂಡಽ ಬಂದಿದ್ದೆ. ಒಂದು ಹೋಳು ನಿನಗ ಇಳಿಸಿ ಹೊರಗ ಒಗದೆ. ಇನ್ನೊಂದು ಅದರ ನೆತ್ತಿ ಮ್ಯಾಲ ಹಿಂಡಿ, ಸರ್ ನೋಡಿದ್ರ ಬೈತಾರಂತ ಹೂವಿನ ಬುಡಕ ಇಟ್ಟೆ."

ನನಗೆ ನೆನಪಾಯಿತು. ಕುರ್ಚಿಯ ಹಿಂದೆ ನಿಂತು ಅವಳು ನನ್ನ ತಲೆಯ ಸುತ್ತ ಏನೋ ಇಳಿಸಿದ್ದಳು. ನಾಚಿಕೆಯಾಗಿ ನಾನು ತಲೆ ಕೊಡವಿದ್ದೆ.

ಇಂಡಿಯಿಂದ ಮಸೆದುಕೊಂಡು ಬಂದ ಸಿಟ್ಟು ಬಾಯಿಯವರೆಗೆ ಬಂದು ನಿಂತಿತ್ತು. ಅದನ್ನು ಎಲ್ಲಿ ಹಾಕಬೇಕೋ ತಿಳಿಯಲಿಲ್ಲ. ಮುಂದೆ ಇದ್ದದ್ದು ಜೋಳದ ಹಿಟ್ಟಿನ ಎರಡು ಕೈ. ಆ ಕೈಗಳನ್ನು ಹಿಡಿದುಕೊಂಡೆ. ನಗು ಎಲ್ಲಿಂದ ಬಂತೋ, ಹೊಟ್ಟೆ ಹಿಡಿದುಕೊಳ್ಳುವಷ್ಟು ಬಂತು.

"ಯವ್ವಾ, ಮಂದಿ ಕಣ್ಣು ಏನೂ ಮಾಡಿದ್ದಿಲ್ಲ. ನಿನ್ನ ನಿಂಬಿಹಣ್ಣಽ ನೋಡು."

"ನಗಬ್ಯಾಡೋ." ಅವಳು ಕೈ ಕಿತ್ತುಕೊಂಡು ಕಣ್ಣು ಒರೆಸಿಕೊಂಡಳು, ಮುಖವೆಲ್ಲ ಹಿಟ್ಟಾಯಿತು. "ಹಂಗಂದ್ರ ನೀ ಕೆಡಿಸಿದ್ದಿಲ್ಲ?"

"ಅವತ್ತಿಂದ ಹೇಳಾಕತ್ತೇನಿ!"

"ನಾ ನಂಬಿದ್ದಿಲ್ಲ ನೋಡು," ಎಂದಳು. "ಹೂಂ ಅಂತಿದ್ದೆ. ಒಂದು ದಿನಾನೂ ನಂಬಿದ್ದಿಲ್ಲ."

ಅಷ್ಟು ವರ್ಷಗಳಲ್ಲಿ ಆ ವಿಷಯದ ಬಗ್ಗೆ ಅವಳು ನನಗೆ ಹೇಳಿದ ಮೊದಲ ಖರೇ ಮಾತು ಅದು. ಸೀದ ರೊಟ್ಟಿಯನ್ನೂ ಬಿಡದೆ ಇಬ್ಬರೂ ತಿಂದೆವು.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವ್ವ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಮುದ್ದೇಬಿಹಾಳಕ್ಕೆ ಅವಳೂ ಬರುವವಳಂತೆ. "ನೀ ಹೋದ್ರ ಜಗಳಾ ತಗೀತಿ. ನಾ ಹೇಳತೇನಿ ಅವರಿಗೆ. ಹೊಡೆತ ನನಗ ಬೀಳೂದಿತ್ತು, ತಪ್ಪಿ ನನ್ನ ಮಗಗ ಕೊಟ್ರಿ ಅಂತ." ಸರ್‌ಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದಳು. ಹೊಡೆದವನಿಗೆ ಹೋಳಿಗೆ ಯಾಕೆಂದು ನಾನು ಕೂಗಾಡಿದೆ. ಅವಳು ಗಂಟು ಬಿಚ್ಚಲಿಲ್ಲ.

ಹೊರಡುವ ಮೊದಲು ಒಳಗಿನಿಂದ ಮುಷ್ಟಿ ಕಟ್ಟಿಕೊಂಡು ಬಂದು ಪೆಟ್ಟಿಗೆಯ ಕಡೆ ನಡೆದಳು.

"ಮುಷ್ಟ್ಯಾಗ ಏನೈತಿ?"

"ಉಪ್ಪು. ಇಷ್ಟು ದಿನಕ್ಕ ಛಲೋ ಆಗೇತಿ, ಒಂದೀಟು ಇಳಿಸಿ..."

"ದೂರ! ಉಪ್ಪು ನಿಂಬಿಗಿಂತ ಕೆಟ್ಟದ್ದು!"

"ಹಂಗಾರ ಏನ ಮಾಡ್ಲೋ?" ಎಂದು ಬೇಸರದಿಂದ ಉಪ್ಪನ್ನು ಒಳಗಿನ ಡಬ್ಬಿಗೆ ಹಾಕಿ ಬಂದಳು. ಎರಡೂ ಬರಿಗೈಗಳನ್ನು ಪೆಟ್ಟಿಗೆಯ ಸುತ್ತ ತಿರುಗಿಸಿ, ಆಮೇಲೆ ನನ್ನ ಕೆನ್ನೆಯ ಸುತ್ತ ತಿರುಗಿಸಿ, ತನ್ನ ಹಣೆಯ ಪಕ್ಕಗಳಿಗೆ ಒತ್ತಿ ನೆಟಿಕೆ ಮುರಿದಳು. ಹತ್ತೂ ಬೆರಳು ಸದ್ದು ಮಾಡಿದವು.

ಬಸ್ ನಿಲ್ಲುವ ಕಟ್ಟೆಯ ಮೇಲೆ ನನ್ನ ಜೊತೆ ಎಂಟನೇತ್ತೆ ಓದಿದ ಇಬ್ಬರು ಕೂತಿದ್ದರು. "ಏನೋ ಕಮ್ಮೇಸಿ, ಎಲ್ಲಿಗೆ ಸವಾರಿ?" ಎಂದ ಒಬ್ಬ. ಬೇರೆ ದಿನವಾಗಿದ್ದರೆ ಕಲ್ಲು ಎತ್ತಿಕೊಳ್ಳುತ್ತಿದ್ದೆ. ಅವತ್ತು ಕೈ ಏಳಲಿಲ್ಲ, ಏಳುವ ಅಗತ್ಯವೂ ಕಾಣಲಿಲ್ಲ.

ನನಗಿಂತ ಮೊದಲು ಅವ್ವ ತಿರುಗಿ ನಿಂತಳು. ಹೋಳಿಗೆಯ ಗಂಟನ್ನು ಕಂಕುಳಿಗೆ ಏರಿಸಿ, ಇಡೀ ಕಟ್ಟೆಗೆ ಕೇಳುವ ಹಾಗೆ ಹೇಳಿದಳು:

"ಕರೀರಿ, ಕರೀರಿ. ಕಲ್ಮೇಶ ಅಂತ ಇಟ್ಟಾಕೀನೂ ನಾನಽ, ಕಮ್ಮೇಸಿ ಅಂತ ಇಟ್ಟಾಕೀನೂ ನಾನಽ. ನನ್ನ ಮಗ ಏನೂ ಕೆಡಿಸಿಲ್ಲ. ಕುಂಡ್ರಿ ಹೇಳತೇನಿ, ಬಸ್ಸಿಗೆ ಇನ್ನೂ ಹೊತ್ತೈತಿ."